ಮೊಟೊಸು ದಡದ ಅಜ್ಜನಿಗೆ

ಕಳೆದ ಜನವರಿಯಲ್ಲಿ ನಾನು, ತಂಗಿ ಜಪಾನಿನ ಮೊಟೊಸು ಸರೋವರಕ್ಕೆ ಹೋಗಿದ್ದೆವು. 2018ರ ‘ಯುರು ಕ್ಯಾಂಪ್’ ಎಂಬ ಅನಿಮೆಯ, ಅಂದರೆ ಜಪಾನಿ ಕಾರ್ಟೂನ್ ಸರಣಿಯ, ಮೊದಲ ಕಂತಿನಲ್ಲಿ ರಿನ್ ಎಂಬ ಹುಡುಗಿ ಟೆಂಟ್ ಹಾಕುವುದು ಇದೇ ದಡದಲ್ಲಿ. ಆದರೆ ಫುಜಿ ಪರ್ವತ ಪೂರ್ತಿ ಮೋಡದೊಳಗಿತ್ತು. ಬೆರಳು ಮರಗಟ್ಟಿದ್ದವು. ಹೊರಡೋಣ ಎನ್ನುವಾಗ ನೀವು ಬಂದಿರಿ, ಅಜ್ಜ. ಹಳೆಯ 1000 ಯೆನ್ ನೋಟು ತೆಗೆದು, ಹಿಂಬದಿಯ ಚಿತ್ರವನ್ನು ನೀರಿನತ್ತ ಹಿಡಿದು, ಸ್ವಲ್ಪ ಇರಿ ಎಂದು ಕೈಸನ್ನೆ ಮಾಡಿದಿರಿ. ಆ ಚಿತ್ರ ಮೊಟೊಸುವಿನಿಂದ ಕಾಣುವ ಫುಜಿಯದ್ದೇ ಅಲ್ವಾ! ಆಮೇಲೆ ಜೇಬಿನಿಂದ ಕೈರೊ, ಅಂದರೆ ಕಬ್ಬಿಣದ ಪುಡಿಯ ಬಿಸಿ ಪೊಟ್ಟಣ, ತೆಗೆದು ತಂಗಿಯ ಅಂಗೈಗಿಟ್ಟಿರಿ. ನಿಮ್ಮ ಕೈಯೂ ನಡುಗುತ್ತಿತ್ತು. ಮುಕ್ಕಾಲು ಗಂಟೆಯಲ್ಲಿ ಮೋಡ ಸರಿದು ಹಿಮದ ತಲೆ ಕಂಡಿತು. ತಿರುಗಿ ನೋಡಿದರೆ ನೀವಿರಲಿಲ್ಲ. ಹೆಸರೂ ಕೇಳಿರಲಿಲ್ಲ. ತುಂಬಾ ಥ್ಯಾಂಕ್ಸ್ ಅಜ್ಜ. ತಣ್ಣಗಾದ ಆ ಪೊಟ್ಟಣವನ್ನು ತಂಗಿ ಇನ್ನೂ ಇಟ್ಟುಕೊಂಡಿದ್ದಾಳೆ.