ಬಜೆ ಪುಡಿಯ ಮಾರಾಟ ನಿಲ್ಲಿಸಿರುವ ಕುರಿತು ಗ್ರಾಹಕರಿಗೆ ಪತ್ರ

ಮೂಡಿಗೆರೆ

ಮಾನ್ಯ ಗ್ರಾಹಕರೇ,

ಈ ಹಂಗಾಮಿನಿಂದ ನಮ್ಮ ಸಹಕಾರ ಸಂಘವು ಬಜೆ ಪುಡಿಯ ಮಾರಾಟವನ್ನು ನಿಲ್ಲಿಸಿ, ಒಣಗಿಸಿದ ಇಡಿ ಬೇರನ್ನು ಮಾತ್ರ ಕೊಡಲು ತೀರ್ಮಾನಿಸಿದೆ. ಪೊಟ್ಟಣದ ಮೇಲಿದ್ದ ‘ಕೆಮ್ಮು ಕಫಕ್ಕೆ, ಮಕ್ಕಳಿಗೂ ಉತ್ತಮ’ ಎಂಬ ಸಾಲನ್ನೂ ತೆಗೆದುಹಾಕಿದ್ದೇವೆ.

ಕಳೆದ ಮಳೆಗಾಲದಲ್ಲಿ ತಾಯಿಯೊಬ್ಬರು ದೂರವಾಣಿ ಮಾಡಿ, ಎಂಟು ತಿಂಗಳ ಕೂಸಿಗೆ ಎದೆಯಲ್ಲಿ ಕಫ ಕಟ್ಟಿದೆ, ನಿಮ್ಮ ಪುಡಿ ಅರ್ಧ ಚಮಚ ಸಾಕೇ, ಪೂರ್ತಿ ಬೇಕೇ ಎಂದು ವಿಚಾರಿಸಿದರು. ಕೊಡಲೇಬೇಡಿ, ಮಗುವನ್ನು ವೈದ್ಯರಲ್ಲಿಗೆ ಕರೆದೊಯ್ಯಿರಿ ಎಂದು ಹೇಳಿದೆವು. ತಪ್ಪು ಅವರದಲ್ಲ, ನಮ್ಮ ಪೊಟ್ಟಣದ್ದು. ಹಿಂದಿನವರು ಬಜೆಯ ತುಂಡನ್ನು ಹರಳೆಣ್ಣೆ ದೀಪದಲ್ಲಿ ಸುಟ್ಟು, ತೇಯುವ ಕಲ್ಲಿನ ಮೇಲೆ ಎದೆಹಾಲಿನಲ್ಲಿ ಒಂದೆರಡು ಸುತ್ತು ತೇಯ್ದು, ಬೆರಳ ತುದಿಗೆ ಅಂಟಿದಷ್ಟನ್ನು ನಾಲಿಗೆಗೆ ಸವರುತ್ತಿದ್ದರು. ಸುತ್ತಿನ ಲೆಕ್ಕವೇ ಅಳತೆಯಾಗಿತ್ತು. ಅದೇ ಬೇರನ್ನು ಪುಡಿ ಮಾಡಿ ಡಬ್ಬಿಗೆ ತುಂಬಿದಾಗ ಚಮಚವೇ ಅಳತೆಯಾಗುತ್ತದೆಂಬುದು ನಮಗೆ ಹೊಳೆಯಲಿಲ್ಲ.

ಬಜೆ ಹೆಚ್ಚಾದರೆ ವಾಂತಿ ತರಿಸುತ್ತದೆ. ಆಯುರ್ವೇದದಲ್ಲಿ ‘ವಚಾ’ ಎಂಬ ಹೆಸರಿನಿಂದ ವಮನ ಚಿಕಿತ್ಸೆಗೂ ಇದನ್ನು ಬಳಸುವುದುಂಟು. ಇದರ ಎಣ್ಣೆಯಲ್ಲಿರುವ ಬೀಟಾ ಅಸರೋನ್ ಎಂಬ ಅಂಶವು ಪ್ರಯೋಗಾಲಯದ ಇಲಿಗಳಲ್ಲಿ ಗೆಡ್ಡೆಗಳನ್ನು ಉಂಟುಮಾಡಿದ್ದರಿಂದ ಅಮೆರಿಕದಲ್ಲಿ 1968ರಲ್ಲಿಯೇ ಬಜೆಯನ್ನು ಆಹಾರದಲ್ಲಿ ಬಳಸುವುದನ್ನು ನಿಷೇಧಿಸಲಾಯಿತು. ಹಾಗಾಗಿ ಶಿಶುಗಳಿಗೆ, ತೇಯ್ದು ಸವರುವ ಹಳೆಯ ಕ್ರಮದಲ್ಲಿಯೂ ಸಹ, ಇದನ್ನು ಕೊಡಿ ಎಂದು ಸಂಘವು ಇನ್ನು ಹೇಳುವುದಿಲ್ಲ. ಇದರಿಂದ ಕೆಲವು ಹಿರಿಯರಿಗೆ ಬೇಸರವಾದೀತು. ಆದರೂ ನಮ್ಮ ನಿಲುವು ಇದೇ. ಗರ್ಭಿಣಿಯರಿಗೂ ಇದು ಬೇಡ.

ಇನ್ನೊಂದು ಕಾರಣ ಪರಿಮಳದ್ದು. ಭತ್ತ ಬಿಟ್ಟು ಹಡ್ಲು ಬಿದ್ದಿದ್ದ ಜೌಗು ಗದ್ದೆಗಳಲ್ಲಿ ನಮ್ಮ ಸದಸ್ಯರು ಗೆಣ್ಣಿರುವ ತುಂಡುಗಳನ್ನು ಒಂದೊಂದಡಿ ಅಂತರದಲ್ಲಿ ನೆಟ್ಟು, ನೀರು ನಿಲ್ಲಿಸಿ ಬೆಳೆಸುತ್ತಾರೆ. ಸುಮಾರು ಒಂದು ವರ್ಷಕ್ಕೆ ಕೆಳಗಿನ ಎಲೆಗಳು ಹಳದಿಯಾದಾಗ ನೀರು ಬಸಿದು, ಅರೆ ಒಣಗಿದ ಕೆಸರಿನಿಂದ ಬೇರನ್ನು ಅಗೆದು, ತೊಳೆದು, ನಾರುಬೇರು ಉಜ್ಜಿ ತೆಗೆದು, ಎರಡು ಮೂರು ಅಂಗುಲದ ತುಂಡು ಮಾಡಿ ಒಣಗಿಸಬೇಕು. ಇಷ್ಟು ದುಡಿದು ತಂದ ಬೇರಿನ ಗುಣವೆಲ್ಲ ಹಾರಿಹೋಗುವ ಎಣ್ಣೆಯಲ್ಲಿದೆ. ಕಳೆದ ಆಷಾಢದಲ್ಲಿ ನಮ್ಮ ದಾಸ್ತಾನಿನ ಪುಡಿ ಥಂಡಿಗೆ ಗಂಟುಗಟ್ಟಿ, ಮೂಗಿಗೆ ಹಿಡಿದರೂ ವಾಸನೆಯಿಲ್ಲದ ಮಣ್ಣಿನಂತಾಗಿತ್ತು. ಇಡಿ ಬೇರಾದರೆ ಮುರಿದು ಮೂಸಿದೊಡನೆ ಗುಣ ತಿಳಿಯುತ್ತದೆ. ಹೊರಗೆ ಕಂದು, ಒಳಗೆ ಬಿಳುಪು ಇರಬೇಕು.

ದೊಡ್ಡವರು ಗಂಟಲು ಕಟ್ಟಿದಾಗ ಕಡಲೆಕಾಳಿನಷ್ಟು ತುಂಡನ್ನು ಬಾಯಲ್ಲಿಟ್ಟುಕೊಳ್ಳುವುದು ವಾಡಿಕೆ. ಆದರೆ ಅದನ್ನು ದಿನನಿತ್ಯದ ರೂಢಿಯಾಗಿಸಬಾರದು. ಉಬ್ಬಸವಿರುವವರು ವೈದ್ಯರು ಕೊಟ್ಟ ಇನ್‌ಹೇಲರ್ ಬಿಟ್ಟು ಇದನ್ನು ನೆಚ್ಚಿಕೊಳ್ಳಲೂ ಬಾರದು.

ತಮ್ಮಲ್ಲಿರುವ ಪುಡಿಯ ಪೊಟ್ಟಣವನ್ನು, ಒಡೆದಿದ್ದರೂ ಸರಿ, ಸಂಘದ ಮಳಿಗೆಗೆ ಮರಳಿಸಿದರೆ ಅಷ್ಟೇ ತೂಕದ ಬೇರನ್ನು ಅಥವಾ ಪೂರ್ತಿ ಹಣವನ್ನು ಕೊಡಲಾಗುವುದು. ರಶೀದಿ ಬೇಕಿಲ್ಲ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ
(ಆಡಳಿತ ಮಂಡಳಿಯ ಪರವಾಗಿ)