ಬಾಗಿಲ ಮೇಲೆ ಹೂವು ಬೇಡ, ಒಳಗೆ ತಣ್ಣಗಿದ್ದರೆ ಸಾಕು

ಸಂಪಾದಕರಿಗೆ ನಮಸ್ಕಾರ.

ಒಂದು ಫ್ರಿಜ್ ತರಲು ಹೋಗಿ ಮೂರು ವಾರದಿಂದ ಬರಿಗೈಯಲ್ಲಿ ವಾಪಸು ಬರುತ್ತಿದ್ದೇನೆ. ದುಡ್ಡು ಹೊಂದಿಸಿಟ್ಟಿದ್ದೇನೆ, ಅಂಗಡಿಗಳಿಗೂ ಬರ ಇಲ್ಲ. ಕಾರವಾರದಲ್ಲಿ ನಾಲ್ಕು ಕಡೆ, ಅಂಕೋಲಾದಲ್ಲಿ ಎರಡು ಕಡೆ ನೋಡಿ, ಕೊನೆಗೆ ಕುಮಟಾಕ್ಕೆ ಮದುವೆಗೆ ಹೋದವಳು ಊಟ ಮುಗಿಸಿ ರೇಷ್ಮೆ ಸೀರೆಯಲ್ಲೇ ಅಲ್ಲೊಂದು ಅಂಗಡಿ ಹೊಕ್ಕು ಬಂದೆ. ನನಗೆ ಬೇಕಾದ್ದು ಸಾದಾ ಫ್ರಿಜ್. ಅದೊಂದು ಸಿಗುತ್ತಿಲ್ಲ.

ನನ್ನ ಪಟ್ಟಿ ಚಿಕ್ಕದು. 240 ಲೀಟರ್ ಆಸುಪಾಸು ಇರಬೇಕು. ಫ್ರೀಜರಿಗೆ ಬೇರೆ ಬಾಗಿಲು ಬೇಕು, ಯಾಕಂದರೆ ನಮ್ಮದು ಮೀನಿನ ಮನೆ, ಹಾಲಿನ ಪಕ್ಕ ಬಂಗಡೆ ಇಡಲು ಆಗುವುದಿಲ್ಲ. ಒಳ್ಳೆ ಕಂಪ್ರೆಸರ್, ಕಡಿಮೆ ಕರೆಂಟು, ತಂಪು ಹೆಚ್ಚು ಕಡಿಮೆ ಮಾಡಲು ಕೈಯಲ್ಲಿ ತಿರುಗಿಸುವ ಒಂದು ನಾಬ್. ಇಷ್ಟೇ.

ಮೊದಲ ಅಂಗಡಿಯಲ್ಲಿ ಎದುರು ಬಂದ ಹುಡುಗ ನನ್ನ ಹಳೇ ವಿದ್ಯಾರ್ಥಿ. "ಅಕ್ಕೋರೇ, ನೀವಾ! ಬನ್ನಿ, ನಿಮಗೆ ಒಳ್ಳೇದೇ ತೋರಿಸ್ತೆ" ಅಂತ ಸೀದಾ ಅಂಗಡಿಯ ದೊಡ್ಡ ಫ್ರಿಜ್ಜಿನ ಎದುರು ನಿಲ್ಲಿಸಿದ. ವೈಫೈ ಇದೆಯಂತೆ. ಮೊಬೈಲಿನಲ್ಲೇ ತಂಪು ಹೆಚ್ಚು ಮಾಡಬಹುದಂತೆ.

"ನಾನು ಇಡೀ ದಿನ ಫ್ರಿಜ್ಜಿನಿಂದ ನಾಲ್ಕು ಹೆಜ್ಜೆ ದೂರದಲ್ಲೇ ಇರ್ತೇನಲ್ಲೋ ಮಾರಾಯ, ಮೊಬೈಲ್ ಯಾಕೆ?"

"ಪರ ಊರಿಗೆ ಹೋದಾಗ ನೋಡ್ಬಹುದಲ್ರಾ ಅಕ್ಕೋರೇ."

"ಪರ ಊರಿಗೆ ಹೋಗುವಾಗ ಫ್ರಿಜ್ ಖಾಲಿ ಮಾಡಿ, ಸ್ವಿಚ್ ತೆಗೆದು, ಬಾಗಿಲಿಗೆ ಬಟ್ಟೆ ಸಿಕ್ಕಿಸಿ ಹೋಗ್ತೇನೆ."

ಪಾಪ, ನಕ್ಕ. ಅವನ ತಪ್ಪೇನೂ ಇಲ್ಲ, ಮೇಲಿನವರು ಹೇಳಿಕೊಟ್ಟದ್ದನ್ನು ಒಪ್ಪಿಸುತ್ತಾನೆ, ಐದನೇ ಕ್ಲಾಸಿನಲ್ಲಿ ಮಗ್ಗಿಯನ್ನೂ ಹೀಗೇ ಒಪ್ಪಿಸುತ್ತಿದ್ದ. ಇಂಟರ್ನೆಟ್ ಫ್ರಿಜ್ ಹೊಸದೂ ಅಲ್ಲ. ಎಲ್‌ಜಿ ಕಂಪನಿ 2000ನೇ ಇಸವಿಯಲ್ಲೇ ಒಂದನ್ನು ತಂದಿತ್ತು. ಇಷ್ಟು ವರ್ಷವಾದರೂ ಅದು ಇಲ್ಲದೇ ನಮ್ಮೂರಲ್ಲಿ ಯಾರ ಮನೆಯ ಸಾರೂ ಹಳಸಿಲ್ಲ. ಅಮೆರಿಕದಲ್ಲಿ ಪರದೆ ಇರುವ ಫ್ರಿಜ್ಜುಗಳ ಮೇಲೆ 2025ರಲ್ಲಿ ಜಾಹೀರಾತು ಕೂಡ ಬರಲು ಶುರುವಾಯಿತಂತೆ. ದುಡ್ಡು ಕೊಟ್ಟು ತಂದು ಅಡುಗೆಮನೆಯಲ್ಲಿ ಜಾಹೀರಾತು ನೋಡುವುದು!

ಆಮೇಲೆ ಹೂವಿನ ವಿಷಯ. ಸಿಂಗಲ್ ಡೋರ್ ಸಾಲಿಗೆ ಹೋದರೆ ಕೆಂಪು ಬಾಗಿಲಿಗೆ ಬಿಳಿ ಹೂವು, ನೀಲಿ ಬಾಗಿಲಿಗೆ ನೀಲಿ ಹೂವು, ನೇರಳೆ ಬಾಗಿಲಿಗೆ ಬಳ್ಳಿ ಸಮೇತ. ಅಷ್ಟು ದೊಡ್ಡ ದಾಸವಾಳ ನಮ್ಮ ಹಿತ್ತಲಲ್ಲೂ ಇದುವರೆಗೆ ಅರಳಿಲ್ಲ. ಹೂವಿಲ್ಲದ್ದು ಇಲ್ವೇನೋ ಅಂದೆ. ಇದೆ ಅಕ್ಕೋರೇ, ಬೂದು ಬಣ್ಣದ್ದು, ಎರಡು ಬಾಗಿಲಿಂದು, ಆದರೆ ಅದು ಎರಡೇ ಸ್ಟಾರು ಅಂದ. ಮೂರು ಸ್ಟಾರಿಂದು ಬೇಕಾದರೆ ಬಾಗಿಲ ಮೇಲೆ ಟಚ್ ಡಿಸ್‌ಪ್ಲೇ ಇರುವುದನ್ನೇ ತಗೊಳ್ಳಬೇಕು.

ನನ್ನ ತಕರಾರು ಇರುವುದೇ ಇಲ್ಲಿ. ನಮಗೆ ಬೇಕಾದ ಒಂದನ್ನು ಬೇಡದ ನಾಲ್ಕರ ಜೊತೆ ಗಂಟು ಹಾಕಿ ಕೊಡುತ್ತಾರೆ. ಕರೆಂಟು ಉಳಿಯಬೇಕೇ, ಡಿಸ್‌ಪ್ಲೇಗೂ ದುಡ್ಡು ಕೊಡಿ. ದೊಡ್ಡ ಫ್ರೀಜರ್ ಬೇಕೇ, ಬಾಗಿಲಲ್ಲಿ ನೀರಿನ ನಲ್ಲಿಯೂ ಇರಲಿ. ಗೃಹಜ್ಯೋತಿಯ 200 ಯುನಿಟ್ ದಾಟಬಾರದು ಅಂತ ಮನೆಮನೆಯಲ್ಲೂ ಮೀಟರ್ ಇಣುಕುವ ಕಾಲ ಇದು, ಸ್ಟಾರು ಯಾರಿಗೆ ಬೇಡ ಹೇಳಿ? ಅಂಕೋಲಾದ ಅಂಗಡಿಯಲ್ಲಿ ಎರಡು ಫ್ರಿಜ್ ಪಕ್ಕಪಕ್ಕ ಇದ್ದವು. ಕನ್ನಡಕ ಹಾಕಿಕೊಂಡು ಎರಡರ ಲೇಬಲ್ಲನ್ನೂ ಓದಿದೆ. ಒಂದೇ ಲೀಟರ್, ಒಂದೇ ಸ್ಟಾರ್, ವರ್ಷಕ್ಕೆ ತಿನ್ನುವ ಯುನಿಟ್ ಕೂಡ ಒಂದೇ. ಬೆಲೆಯಲ್ಲಿ ಮಾತ್ರ 5,500 ರೂಪಾಯಿ ವ್ಯತ್ಯಾಸ, ಅದು ನಲ್ಲಿಗೆ ಮತ್ತು ಡಿಸ್‌ಪ್ಲೇಗೆ. ಸರಿ, ಕಡಿಮೆಯದ್ದೇ ಕೊಡಿ ಅಂದರೆ "ಅದು ಡಿಸ್‌ಪ್ಲೇ ಪೀಸ್ ಮೇಡಂ, ಸ್ಟಾಕ್ ಇಲ್ಲ" ಅಂದರು. (ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಸ್ಟಾರ್ ಎಣಿಸುವುದಕ್ಕಿಂತ ಲೇಬಲ್ಲಿನಲ್ಲಿರುವ ಯುನಿಟ್ ಓದಿ. ನಿಯಮ ಆಗಾಗ ಬಿಗಿಯಾಗುತ್ತದೆ, ಹಾಗಾಗಿ ಹಳೇ ಲೇಬಲ್ಲಿನ ಐದು ಸ್ಟಾರೂ ಈಗಿನ ಐದು ಸ್ಟಾರೂ ಒಂದೇ ಅಲ್ಲ.)

ಬಾಗಿಲ ಮೇಲಿನ ಡಿಸ್‌ಪ್ಲೇ ಕಂಡರೆ ನನಗೆ ಯಾಕಿಷ್ಟು ಸಿಟ್ಟು ಅಂತ ಕೇಳಬಹುದು. ಅನುಭವ ಆಗಿದೆ.

ನಮ್ಮ ಮನೆಯಲ್ಲಿ ಮೊದಲು 165 ಲೀಟರಿನ ಗೋದ್ರೇಜ್ ಇತ್ತು, 1988ರಲ್ಲಿ ಮಾವನವರು ತಂದದ್ದು. 33 ವರ್ಷದಲ್ಲಿ ಒಂದು ಸಲ ಗ್ಯಾಸು, ಎರಡು ಸಲ ಥರ್ಮೋಸ್ಟಾಟ್, ಒಂದು ಸಲ ಬಾಗಿಲ ರಬ್ಬರ್, ಇಷ್ಟೇ ಖರ್ಚು. ಅದೇನು ಚಿನ್ನದಂಥ ಫ್ರಿಜ್ ಅಂತ ನಾನು ಹೇಳುವುದಿಲ್ಲ. ಕರೆಂಟು ಜಾಸ್ತಿ ತಿನ್ನುತ್ತಿತ್ತು. ಮಳೆಗಾಲದಲ್ಲಿ ಬಾಗಿಲು ತೆರೆದು ಮುಚ್ಚಿದಷ್ಟೂ ತೇವ ಒಳಗೆ ಹೋಗಿ ಫ್ರೀಜರಿನಲ್ಲಿ ಐಸು ಗುಡ್ಡೆ ಕಟ್ಟುತ್ತಿತ್ತು, ಅದನ್ನು ಚಾಕುವಿನಿಂದ ಕೆರೆಯಲು ಹೋಗಿ ಪೈಪ್ ತೂತು ಮಾಡಿ ಗ್ಯಾಸ್ ಹೋಗಿಸಿದವಳು ನಾನೇ. ಆದರೆ ಅದರ ಹಿಂಬದಿಯಲ್ಲಿ ಕಪ್ಪು ಜಾಳಿಗೆ ಇತ್ತಲ್ಲ, ಯಾವಾಗಲೂ ಬೆಚ್ಚಗೆ. ಜುಲೈ ತಿಂಗಳಲ್ಲಿ ಕಡ್ಡಿಪೆಟ್ಟಿಗೆ, ಮಗನ ಸಾಕ್ಸು, ನೆನೆದ ನೋಟು ಎಲ್ಲವೂ ಒಣಗುತ್ತಿದ್ದದ್ದು ಅಲ್ಲೇ. ಕಂಪನಿಯವರು ಬರೆದುಕೊಳ್ಳದ ಫೀಚರ್ ಅದು! ಈಗ ಬಹಳ ಫ್ರಿಜ್ಜುಗಳಲ್ಲಿ ಆ ಪೈಪನ್ನು ಪಕ್ಕದ ಗೋಡೆಯೊಳಗೆ ಹುದುಗಿಸಿರುತ್ತಾರೆ. ನೋಡಲು ಚೆಂದ. ಅಲ್ಲಿ ಎಲ್ಲಾದರೂ ಲೀಕ್ ಆಯಿತೋ, ಮೆಕ್ಯಾನಿಕ್ಕಿಗೆ ಕೈ ಹಾಕಲೂ ಜಾಗ ಇಲ್ಲ.

ಕೆಳಗಿನ ತಗಡು ಪೂರಾ ತುಕ್ಕು ಹಿಡಿದು ಉದುರಿತು ಅಂತ 2021ರ ಚೌತಿ ಆಫರಿನಲ್ಲಿ ಹೊಸದು ತಂದೆವು. ಬಾಗಿಲ ಮೇಲೆ ಟಚ್ ಡಿಸ್‌ಪ್ಲೇ. ಮೊದಲ ಮಳೆಗಾಲದಲ್ಲೇ ಅದರ ಮೇಲೆ ನೀರಿನ ಹನಿ ಕೂತು, ಯಾರೂ ಮುಟ್ಟದೇ ಟಿಂಗ್ ಟಿಂಗ್ ಅನ್ನಲು ಶುರುವಾಯಿತು. ರಾತ್ರಿ ಎರಡು ಗಂಟೆಗೆ ಎದ್ದು ಫ್ರಿಜ್ಜಿನ ಮುಖ ಒರೆಸಿ ಮಲಗಿದ ದಿನಗಳೂ ಇವೆ. 2023ರ ಜೂನಿನಲ್ಲಿ ಕರೆಂಟು ಹೋಗಿ ಬಂದು, ಹೋಗಿ ಬಂದು, ಒಮ್ಮೆ ಬಂದಾಗ ಫ್ರಿಜ್ ಏಳಲೇ ಇಲ್ಲ. ಬಂದ ಮೆಕ್ಯಾನಿಕ್ ಹಿಂದಿನ ಮುಚ್ಚಳ ಬಿಚ್ಚಿದರೆ ಎಲೆಕ್ಟ್ರಾನಿಕ್ ಬೋರ್ಡಿನ ಮೇಲೆ ಒಂದು ಹಲ್ಲಿ ಸುಟ್ಟು ಅಂಟಿಕೊಂಡಿತ್ತು. ಬೆಚ್ಚಗಿರುತ್ತೆ ಅಂತ ಹೋಗಿ ಕೂತದ್ದು. ಪಕ್ಕದಲ್ಲೇ ತಾಮ್ರದ ಗೆರೆಗಳು ಹಸಿರು ತಿರುಗಿದ್ದವು. "ಇದು ಉಪ್ಪುಗಾಳಿ ಕೆಲಸ ಅಮ್ಮ, ಹಲ್ಲಿ ಸುಮ್ನೆ ನೆವ" ಅಂದರು ಅವರು.

ಬೋರ್ಡಿಗೆ 6,800 ರೂಪಾಯಿ. ಬರಲು 18 ದಿನ. ಫ್ರೀಜರಿನಲ್ಲಿ ಎರಡು ಕೆಜಿ ಶೆಟ್ಲಿ (ಸಿಗಡಿ), ಒಂದು ಇಸ್ವಾಣ (ಅಂಜಲ್ ಮೀನು). ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ 61 ದಿನ ಮೀನುಗಾರಿಕೆ ನಿಷೇಧ ಅಂತ ನಿಮಗೆ ಗೊತ್ತೇ ಇದೆ. ಅದಕ್ಕೆಂದೇ ಮೇ ಕೊನೆಯಲ್ಲಿ ತಂದು, ತೊಳೆದು, ಡಬ್ಬಿಗೆ ತುಂಬಿ ಇಟ್ಟದ್ದು. ಎಲ್ಲ ತೆಂಗಿನ ಬುಡಕ್ಕೆ ಹೋಯಿತು. ನಮ್ಮ ಜಿಲ್ಲೆಯ ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ ಒಂದನೇ ಘಟಕ ಸತತ 962 ದಿನ ನಿಲ್ಲದೇ ಓಡಿ 2018ರಲ್ಲಿ ವಿಶ್ವದಾಖಲೆ ಮಾಡಿತ್ತು. ಇಷ್ಟೆಲ್ಲ ಫೀಚರ್ ಇದ್ದ ನಮ್ಮ ಫ್ರಿಜ್ 650 ದಿನ ಓಡಲಿಲ್ಲ.

ಕಂಪ್ರೆಸರಿಗೆ ಹತ್ತು ವರ್ಷ ವಾರಂಟಿ ಇತ್ತಲ್ಲ ಅಂತ ಕೇಳಿದೆ. ಇದೆ ಮೇಡಂ, ನಿಮ್ಮ ಕಂಪ್ರೆಸರ್ ಗಟ್ಟಿಮುಟ್ಟಾಗಿದೆ, ಬೋರ್ಡಿಗೆ ಮಾತ್ರ ಒಂದೇ ವರ್ಷ ಅಂದರು. ಬಾಗಿಲ ಮೇಲೆ ಬೆಳ್ಳಿ ಅಕ್ಷರದಲ್ಲಿ "10" ಅಂತ ಅಂಟಿಸಿದ್ದು ಹಾಳಾಗದ ಭಾಗಕ್ಕೆ. ಹಾಳಾಗುವ ಭಾಗದ ಲೆಕ್ಕ ಒಳಗಿನ ಪುಸ್ತಕದಲ್ಲಿ ಇರುವೆ ಸಾಲಿನಂತಹ ಅಕ್ಷರದಲ್ಲಿ. ಈ ವರ್ಷ ಮೇ ಮೊದಲ ವಾರದ ಗುಡುಗು ಮಳೆಗೆ ಎರಡನೇ ಬೋರ್ಡೂ ಹೋಯಿತು. ಇನ್ನು ಸಾಕು ಅನ್ನಿಸಿತು.

ಈಗಿನ ಅಂಗಡಿ ಸುತ್ತಾಟದಲ್ಲಿ ಇನ್ನೊಂದು ಕಂಡೆ. ಒಂದು ಕಡೆ ಕೊಟೇಶನ್ ಬರೆದುಕೊಟ್ಟರು, ಅದರಲ್ಲಿ ನಾನು ಕೇಳದ 1,999 ರೂಪಾಯಿ ಎಕ್ಸ್‌ಟೆಂಡೆಡ್ ವಾರಂಟಿ ಸೇರಿಸಿದ್ದರು. ಇದೇನು ಅಂದರೆ, "ಬೋರ್ಡ್ ಹೋದರೆ ಅದರಲ್ಲಿ ಕವರ್ ಆಗುತ್ತೆ ಮೇಡಂ, ಇಲ್ಲಿಯ ಹವಾಕ್ಕೆ ಬೋರ್ಡ್ ಹೋಗೋದು ಜಾಸ್ತಿ." ಹೋಗುತ್ತದೆ ಅಂತ ಅವರಿಗೂ ಗೊತ್ತು! ಬೇಡದ ಡಿಸ್‌ಪ್ಲೇ ಕಟ್ಟಿ, ಅದಕ್ಕೊಂದು ಬೋರ್ಡು ಹಾಕಿ, ಬೋರ್ಡು ಹಾಳಾಗುತ್ತದೆ ಅಂತ ಹೆದರಿಸಿ ಅದಕ್ಕೂ ದುಡ್ಡು ಕೇಳುವುದು. ಮೂರು ಸಲ ಒಂದೇ ಜೇಬಿಗೆ ಕೈ.

ನಾನು ಎಲೆಕ್ಟ್ರಾನಿಕ್ಸ್ ವಿರೋಧಿ ಅಲ್ಲ. ಇನ್ವರ್ಟರ್ ಕಂಪ್ರೆಸರ್ ಅಂದರೆ ಬೇಕಾದಷ್ಟೇ ವೇಗದಲ್ಲಿ ಓಡಿ ಕರೆಂಟು ಉಳಿಸುತ್ತದೆ, ಅದಕ್ಕೊಂದು ಬೋರ್ಡು ಬೇಕೇ ಬೇಕು, ಒಪ್ಪಿದೆ. ಐಸು ಕಟ್ಟದ ಫ್ರಿಜ್ಜಿಗೆ ಒಳಗೊಂದು ಫ್ಯಾನು, ಐಸು ಕರಗಿಸುವ ಹೀಟರು ಬೇಕು, ಅದೂ ಸರಿ. ಚಾಕು ಹಿಡಿದು ಕೆರೆದವಳಿಗೆ ಅದರ ಬೆಲೆ ಗೊತ್ತು. ಗಾಜಿನ ತಟ್ಟೆಗಳು ಬಂದದ್ದಂತೂ ಉಪಕಾರವೇ ಆಯಿತು, ಹಳೇ ತಂತಿ ತಟ್ಟೆಗಳು ನಮ್ಮ ಕಡೆ ತುಕ್ಕು ಹಿಡಿದು ಪಾತ್ರೆಗೆ ಕಂದು ಗೆರೆ ಬೀಳುತ್ತಿತ್ತು. ಕರಾವಳಿಗೆ ಬೇಕಾದ ಮಿಕ್ಕ ಸಂಗತಿಗಳೋ ಯಾವ ಪಟ್ಟಿಯಲ್ಲೂ ಇಲ್ಲ. ತಳದ ತಗಡಿಗೆ ಒಳ್ಳೆ ಬಣ್ಣ ಬಳಿದಿದ್ದೀರಾ? ಬೋರ್ಡಿಗೆ ಉಪ್ಪುಗಾಳಿ ತಾಗದ ಲೇಪ ಇದೆಯಾ? ಹಿಂದಿನ ಮುಚ್ಚಳದಲ್ಲಿ ಹಲ್ಲಿ ನುಗ್ಗದ ಜಾಳಿಗೆ ಇದೆಯಾ? ಬಾಗಿಲ ರಬ್ಬರ್ ಐದು ವರ್ಷ ಬಿಟ್ಟು ಕೇಳಿದರೆ ಸಿಗುತ್ತಾ? ನಾಲ್ಕು ಪ್ರಶ್ನೆಯನ್ನೂ ಏಳು ಅಂಗಡಿಯಲ್ಲಿ ಕೇಳಿದೆ. ಒಂದು ಕಡೆ ಹುಡುಗಿ ನೀರಿನ ನಲ್ಲಿ ಒತ್ತಿ ತೋರಿಸಿದಳು.

ಹಾಗಂತ ನನಗೆ ಬೇಡದ್ದು ಎಲ್ಲರಿಗೂ ಬೇಡ ಅಂತಲ್ಲ. ಶಿರಸಿಯಲ್ಲಿ ನನ್ನ ಗೆಳತಿ ಇದ್ದಾಳೆ, ಹವ್ಯಕರ ಮನೆ. ಫ್ರೀಜರನ್ನೇ ಮಾಮೂಲಿ ಫ್ರಿಜ್ ಮಾಡಿಕೊಳ್ಳುವ ಕನ್ವರ್ಟಿಬಲ್ ಅಂತ ಬಂದಿದೆಯಲ್ಲ, ಅದನ್ನು ತಂದು ಖುಷಿಯಾಗಿದ್ದಾಳೆ. "ನಮ್ಮನೇಲಿ ಫ್ರೀಜರಲ್ಲಿ ಇಡೋಕೆ ಎಂತ ಇದ್ದು ಮಾರಾಯ್ತಿ" ಅನ್ನುತ್ತಾಳೆ, ಅಲ್ಲಿ ಈಗ ದೋಸೆ ಹಿಟ್ಟು, ಹೂವು, ತರಕಾರಿ. ಅವಳಿಗೆ ಬೇಡದ ಫ್ರೀಜರು ನನಗೆ ಬೇಕು, ನನಗೆ ಬೇಡದ ಸ್ವಿಚ್ಚು ಅವಳಿಗೆ ಬೇಕು. ಆಯ್ದುಕೊಳ್ಳಲು ಬಿಡಿ ಅಂತಷ್ಟೇ ನಾನು ಕೇಳುವುದು.

ಇನ್ನೊಂದು ಕೆಲಸ ಸರ್ಕಾರದಿಂದ ಆಗಬಹುದು. ಐಸು ಕಟ್ಟದ ಫ್ರಿಜ್ಜುಗಳಿಗೆ ಸ್ಟಾರ್ ಲೇಬಲ್ಲನ್ನು 2010ರಲ್ಲಿ ಕಡ್ಡಾಯ ಮಾಡಿದರು. ಅಲ್ಲಿಯವರೆಗೆ ಕರೆಂಟು ಎಷ್ಟು ತಿನ್ನುತ್ತದೆ ಅಂತ ಅಂಗಡಿಯವರು ಹೇಳಿದ್ದೇ ಲೆಕ್ಕ. ರಿಪೇರಿ ಮಾಹಿತಿ ಜನರಿಗೆ ಸಿಗಲಿ ಅಂತ ಕೇಂದ್ರದವರು 2022ರ ಡಿಸೆಂಬರ್ 24ರಂದು ರೈಟ್ ಟು ರಿಪೇರ್ ಅನ್ನುವ ಪೋರ್ಟಲ್ ಕೂಡ ಶುರು ಮಾಡಿದ್ದಾರೆ. ಒಳ್ಳೇದೇ. ಆದರೆ ನಮ್ಮಂಥವರು ಫ್ರಿಜ್ ಕೊಳ್ಳುವುದು ಅಂಗಡಿಯಲ್ಲಿ ನಿಂತು, ಪೋರ್ಟಲ್ ತೆರೆದಿಟ್ಟುಕೊಂಡು ಅಲ್ಲ. ಸ್ಟಾರ್ ಲೇಬಲ್ಲಿನ ಪಕ್ಕದಲ್ಲೇ ಎರಡು ಸಾಲು ಅಚ್ಚು ಹಾಕಿಸಿ. ಬೋರ್ಡಿನ ಬೆಲೆ ಇಷ್ಟು, ಬಿಡಿಭಾಗ ಇಷ್ಟು ವರ್ಷ ಸಿಗುತ್ತದೆ. ಆಗ ನೋಡಿ, ಯಾವ ಡಿಸ್‌ಪ್ಲೇ ಎಷ್ಟು ದಿನ ಬಾಗಿಲ ಮೇಲೆ ಉಳಿಯುತ್ತದೆ ಅಂತ.

ಅಂಗಡಿಯವರಿಗೂ ಒಂದು ಮಾತು. ಸಾದಾ ಮಾದರಿಗೆ ಗಿರಾಕಿ ಇಲ್ಲ ಅನ್ನುತ್ತೀರಿ. ತರಿಸದೇ, ತೋರಿಸದೇ ಗಿರಾಕಿ ಎಲ್ಲಿಂದ ಬರಬೇಕು? ಅಂಕೋಲಾದ ಆ ಡಿಸ್‌ಪ್ಲೇ ಪೀಸನ್ನು ನಾನು ನಿಂತಿದ್ದ ಅರ್ಧ ಗಂಟೆಯಲ್ಲಿ ಇನ್ನಿಬ್ಬರು ಕೇಳಿದರು.

ನನ್ನ ಹಳೇ ವಿದ್ಯಾರ್ಥಿ ನಿನ್ನೆ ಫೋನ್ ಮಾಡಿದ್ದ. ಹುಬ್ಬಳ್ಳಿಯ ಗೋದಾಮಿನಲ್ಲಿ ಬೂದು ಬಣ್ಣದ್ದು, ಮೂರು ಸ್ಟಾರು, ಒಳಗೇ ನಾಬ್ ಇರುವುದು ಒಂದೇ ಒಂದು ಇದೆಯಂತೆ, ಮೇಲಿನ ಮೂಲೆ ಸ್ವಲ್ಪ ನೆಗ್ಗಿದೆಯಂತೆ. "ನಡೀತದಾ ಅಕ್ಕೋರೇ?" ಅಂದ. ನೆಗ್ಗಿದ್ದಕ್ಕೆ ಎಷ್ಟು ಕಡಿಮೆ ಮಾಡ್ತೀಯಾ ಹೇಳು ಅಂದಿದ್ದೇನೆ. ಜೂನ್ 1ಕ್ಕೆ ಇನ್ನು ಒಂಬತ್ತು ದಿನ ಇದೆ, ಈ ವರ್ಷದ ಶೆಟ್ಲಿ ಸದ್ಯ ಪಕ್ಕದ ಮನೆಯವರ ಫ್ರೀಜರಿನಲ್ಲಿದೆ.

ಇಂತಿ,
ಒಬ್ಬ ನಿವೃತ್ತ ಶಿಕ್ಷಕಿ, ಕಾರವಾರ