ಕಿವಿ ಗಾಯದ ಕೋಡಿಂಗ್: ಗುಂಪಿನವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ನಾವು ಬಿಲ್‌ಗಾಗಿ ಕೋಡ್ ಹಾಕುವ ಅಮೆರಿಕದ ಎಮರ್ಜೆನ್ಸಿ ಚಾರ್ಟ್‌ಗಳಲ್ಲಿ (ರೋಗಿಯ ದಾಖಲೆಗಳಲ್ಲಿ) ಕಿವಿ ಹರಿದ ಕೇಸ್‌ಗಳಿಗೆ ಸುಮ್ನೆ ಎಸ್01.319ಎ ಅನ್ನುವ ಗಾಯದ ಕೋಡ್ ಹಾಕಿ ಕಳಿಸಬೇಡಿ. ಅದು ಯಾವ ಕಿವಿ ಅಂತ ಗೊತ್ತಿಲ್ಲದಾಗ ಹಾಕುವ ಕೋಡ್. ಎಷ್ಟೋ ಸಲ ಡಾಕ್ಟರ್ ಪರೀಕ್ಷೆಯ ಭಾಗದಲ್ಲಿ ಬಲಗಿವಿ ಅಂತ ಬರೆದೇ ಇರುತ್ತಾರೆ, ನಾವು ಮೇಲಿನ ಎರಡು ಸಾಲು ಓದಿ ಮುಂದೆ ಹೋಗಿರುತ್ತೇವೆ, ಅಲ್ವಾ? ಬಲಕ್ಕೆ ಎಸ್01.311ಎ, ಎಡಕ್ಕೆ ಎಸ್01.312ಎ. ಗಾಯದೊಳಗೆ ಗಾಜು, ಮಣ್ಣು ಏನಾದರೂ ಉಳಿದಿದ್ದರೆ ಬಲಕ್ಕೆ ಎಸ್01.321ಎ, ಎಡಕ್ಕೆ ಎಸ್01.322ಎ. ನಾಯಿ ಕಚ್ಚಿದ್ದರೆ ಇವ್ಯಾವುದೂ ಅಲ್ಲ, ಬಲಗಿವಿಗೆ ಎಸ್01.351ಎ. ಹೊಲಿಗೆ ಬಿಚ್ಚಿಸಲು ಬಂದವರಿಗೆ ಕೊನೆಯ ಅಕ್ಷರ ಎ ಬದಲು ಡಿ.

ಜಾಸ್ತಿ ತಪ್ಪಾಗುವುದು ಹೊಲಿಗೆಯಲ್ಲಿ. ಗಾಯದ ಕೋಡ್ ಜೊತೆಗೆ ಹೊಲಿಗೆಗೂ ಬೇರೆ ಕೋಡ್ ಇದೆ. ಸರಳ ಹೊಲಿಗೆ, ಹೊಲಿದ ಗಾಯದ ಉದ್ದ 2.5 ಸೆಂ.ಮೀ. ಒಳಗಿದ್ದರೆ 12011, 2.6ರಿಂದ 5 ಸೆಂ.ಮೀ. ತನಕ 12013. ಚರ್ಮದ ಕೆಳಗಿನ ಪದರವನ್ನೂ ಸೇರಿಸಿ ಹೊಲಿದಿದ್ದರೆ, 2.5ರ ಒಳಗೆ 12051. ಆದರೆ ಪದರ ಪದರವಾಗಿ ಹೊಲಿದೆ ಅಂತ ನೋಟ್‌ನಲ್ಲಿ ಇರಲೇಬೇಕು, ಗಾಯ ಆಳವಾಗಿದೆ ಅಂದಷ್ಟಕ್ಕೇ ಸಾಲದು. ಕಿವಿಯಲ್ಲೂ ಕೆನ್ನೆಯಲ್ಲೂ ಒಂದೇ ಬಗೆಯ ಹೊಲಿಗೆ ಇದ್ದರೆ ಎರಡರ ಉದ್ದ ಕೂಡಿಸಿ ಒಂದೇ ಕೋಡ್ ಹಾಕಿ. ಉದ್ದ ಬರೆದಿಲ್ಲವಾ? ಹೊಲಿಗೆ ಎಣಿಸಿ ಅಂದಾಜು ಮಾಡಬೇಡಿ, ಡಾಕ್ಟರಿಗೆ ಕ್ವೆರಿ (ಪ್ರಶ್ನೆ) ಕಳಿಸಿ. ಬರೀ ಪಟ್ಟಿ ಅಂಟಿಸಿ ಕಳಿಸಿದ್ದರೆ ಹೊಲಿಗೆ ಕೋಡೇ ಇಲ್ಲ, ಅದು ವಿಸಿಟ್‌ನಲ್ಲೇ, ಅಂದರೆ ಡಾಕ್ಟರ್ ನೋಡಿದ್ದಕ್ಕೆ ಹಾಕುವ ಕೋಡ್‌ನಲ್ಲೇ, ಸೇರುತ್ತದೆ.

ಇನ್ನೊಂದು, ವರ್ಷಗಟ್ಟಲೆ ಭಾರದ ಓಲೆ ಹಾಕಿ ನಿಧಾನಕ್ಕೆ ಸೀಳಿದ ಹಾಲೆ ಹೊಸ ಗಾಯ ಅಲ್ಲ. ನಮ್ಮ ಅಜ್ಜಿಯರ ಕಿವಿ ನೆನಪಿಸಿಕೊಳ್ಳಿ. ಅದಕ್ಕೆ ಎಸ್ ಕೋಡ್ ಹಾಕಬೇಡಿ.